ಒಂಬತ್ತನೇ ಪಾಠದ ಸರಿ ಉತ್ತರ

ಕಟ್ಟಡದಲ್ಲಿ ಅವಳನ್ನು ಎಲ್ಲರೂ ಉಳಿಯಕ್ಕ ಎಂದು ಕರೆಯುತ್ತಿದ್ದರು. ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಸುತ್ತಿಗೆ. ವೈರಿನ ಪೈಪು ಕೂರಲು ಗೋಡೆಯಲ್ಲಿ ಎರಡು ಬೆರಳಗಲದ ಸೀಳು ಬೇಕು. ಅದನ್ನು ಕೊರೆಯುವುದು ಅವಳ ಕೆಲಸ. ಅದಕ್ಕೆ ಯಂತ್ರ ಇದೆ. ಆದರೆ ಯಂತ್ರ ಕೆಟ್ಟರೆ ರಿಪೇರಿ ಮಾಡಿಸಬೇಕು. ಅವಳು ಕೆಟ್ಟರೆ ಇನ್ನೊಬ್ಬಳು ಸಿಗುತ್ತಾಳೆ.

ಹನ್ನೊಂದು ವರ್ಷ ಕೊರೆದಿದ್ದಳು. ಸಿಮೆಂಟಿನ ಧೂಳು ಮೂಗಿನಲ್ಲಿ ಒಣಗಿ ಕಲ್ಲಾಗುತ್ತಿತ್ತು. ಉಗುಳಿದರೆ ಬೂದಿ ಬಣ್ಣ. ತಲೆಗಿಂತ ಮೇಲೆ ಕೊರೆಯುವಾಗ ಚೂರುಗಳು ನೇರ ಕಣ್ಣಿಗೇ ಬೀಳುತ್ತಿದ್ದವು. ಕಣ್ಣು ಮುಚ್ಚಿಕೊಂಡೇ ಏಟು ತಪ್ಪದ ಹಾಗೆ ಹೊಡೆಯುವುದನ್ನು ಕಲಿತಿದ್ದಳು. ಗಂಡ ಅದೇ ಕಂಪನಿಯಲ್ಲಿ ವೈರಿಂಗ್ ಮಾಡುತ್ತಿದ್ದ. ಅವಳು ಕೊರೆದ ಸೀಳಿನಲ್ಲಿ ಅವನು ಪೈಪು ಕೂರಿಸಿ ವೈರು ಎಳೆಯುತ್ತಿದ್ದ. ನಾಲ್ಕು ವರ್ಷದ ಹಿಂದೆ ಕರೆಂಟು ಹೊಡೆದು ಸತ್ತ. ಎರಡನೇ ವಾರಕ್ಕೆ ಅವಳು ಕೆಲಸಕ್ಕೆ ವಾಪಸು ಬಂದಳು. ಜೊತೆಯವರು ಕನಿಕರಪಟ್ಟರು. ಕನಿಕರದ ಮಧ್ಯದಲ್ಲಿ ಯಾರೋ ಒಬ್ಬ, ಗಂಡ ಹೋದ, ಉಳಿ ಉಳೀತು ಎಂದು ತಮಾಷೆಯನ್ನೂ ಮಾಡಿದ. ಅವಳೂ ನಕ್ಕಳು. ನಗದೆ ಇದ್ದರೆ ಮಾರನೆಯ ದಿನ ಅವರ ಜೊತೆ ಕೂತು ಊಟ ಮಾಡುವುದು ಹೇಗೆ?

ಈ ವರ್ಷ ಬಲಗೈಯ ಬೆರಳುಗಳು ಮಡಚುವುದನ್ನು ನಿಲ್ಲಿಸಿದವು. ಬೆಳಿಗ್ಗೆ ಎದ್ದರೆ ಕೈ ಒಣ ಕೊರಡಿನ ಹಾಗೆ ಇರುತ್ತಿತ್ತು. ಬಿಸಿನೀರಿನಲ್ಲಿ ಅದ್ದಿ, ಎಡಗೈಯಿಂದ ಒಂದೊಂದೇ ಬೆರಳನ್ನು ಬಗ್ಗಿಸಿ, ಸುತ್ತಿಗೆಯ ಹಿಡಿಗೆ ಬಟ್ಟೆಯಲ್ಲಿ ಕಟ್ಟಿಕೊಂಡು ಕೆಲಸ ಮಾಡುತ್ತಿದ್ದಳು. ಇನ್ನೊಂದು ವರ್ಷ ಸುತ್ತಿಗೆ ಹಿಡಿದರೆ ಆಮೇಲೆ ಚಮಚವನ್ನೂ ಹಿಡಿಯಲಾರೆ, ಬೇರೆ ಕೆಲಸ ನೋಡಿಕೋ ಎಂದು ಡಾಕ್ಟರು ಹೇಳಿದರು. ಬೇರೆ ಕೆಲಸ ಎಲ್ಲಿದೆ ಎಂದು ಹೇಳಲಿಲ್ಲ. ಮನೆಯಲ್ಲಿ ಹೈಸ್ಕೂಲಿಗೆ ಹೋಗುವ ಮಗಳು, ಮಂಡಿ ಹಿಡಿದುಕೊಂಡ ಅತ್ತೆ. ದುಡಿಯುವ ಕೈ ಇದೊಂದೇ.

ಅವಳಿಗೆ ಗೊತ್ತಿದ್ದ ಬೇರೆ ಕೆಲಸ ವೈರಿಂಗ್. ಗಂಡನ ಪಕ್ಕದಲ್ಲಿ ನಿಂತು ಕಲಿತದ್ದು. ಆಳು ಕಡಿಮೆಯಾದ ದಿನ ಕಂಪನಿಯವರೇ ಅವಳ ಕೈಯಲ್ಲಿ ಸ್ವಿಚ್ಚು ಬೋರ್ಡು ಕಟ್ಟಿಸುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಮಾತ್ರ ಅವಳು ಗೋಡೆ ಕೊರೆಯುವವಳು. ಎಲೆಕ್ಟ್ರಿಷಿಯನ್ ಅನ್ನಿಸಿಕೊಳ್ಳಬೇಕಾದರೆ ಕಾಗದ ಬೇಕು.

ಕಾಗದ ಕೊಡುವ ತರಬೇತಿಯನ್ನೂ ಕಂಪನಿಯೇ ನಡೆಸುತ್ತಿತ್ತು. ಅರ್ಧ ಪಾಠ ಫೋನಿನಲ್ಲಿ, ಅರ್ಧ ವರ್ಕ್‌ಶಾಪಿನಲ್ಲಿ. ವಾರವೆಲ್ಲ ಫೋನಿನಲ್ಲಿ ಪಾಠ ನೋಡಿ, ಕೇಳಿದ ಪ್ರಶ್ನೆಗೆ ಉತ್ತರ ಒತ್ತಬೇಕು. ಉತ್ತರ ಸರಿಯಾದರೆ ಮಾತ್ರ ಮುಂದಿನ ಪಾಠ ತೆರೆಯುತ್ತದೆ. ಭಾನುವಾರ ವರ್ಕ್‌ಶಾಪಿಗೆ ಹೋಗಿ ಕೈಯಲ್ಲಿ ಮಾಡಿ ತೋರಿಸಬೇಕು. ಇದಲ್ಲದೆ, ಕೆಲಸದ ಜಾಗದಲ್ಲಿ ಇಷ್ಟು ಗಂಟೆ ವೈರಿಂಗ್ ಮಾಡಿದ್ದಾಳೆ ಎಂದು ಒಂದು ಪುಸ್ತಕದಲ್ಲಿ ಕಂಪನಿಯ ಅಧಿಕಾರಿ ಸಹಿ ಹಾಕಬೇಕು.

ಆ ಅಧಿಕಾರಿಯನ್ನು ಕೂಲಿಯವರು ಬಿಳಿ ಹೆಲ್ಮೆಟ್ಟು ಎನ್ನುತ್ತಿದ್ದರು. ನಾಲ್ಕು ವರ್ಷದ ಹಿಂದೆ ಅವನು ಬರೀ ಸೂಪರ್‌ವೈಸರ್. ಈಗ ಸುರಕ್ಷತಾ ಅಧಿಕಾರಿ. ಅವಳು ಪುಸ್ತಕ ಹಿಡಿದು ಎದುರಿಗೆ ನಿಂತಾಗ ಅವನು ಮೊದಲು ನೋಡಿದ್ದು ಅವಳ ಕೈಯನ್ನು. ಈ ಕೈಯಲ್ಲಿ ಸ್ಕ್ರೂ ತಿರುಗುತ್ತಾ ಎಂದು ಕೇಳಿದ. ತಿರುಗುತ್ತೆ ಸಾರ್ ಎಂದಳು. ಸಹಿ ಹಾಕುತ್ತಾ, ನಿನ್ನ ಗಂಡ ಅವತ್ತು ಅವಸರ ಮಾಡದೆ ಇದ್ದಿದ್ದರೆ ನಿನಗೆ ಈ ಪಾಡು ಬರ್ತಿರಲಿಲ್ಲ ಎಂದ. ಅವಳು ಹೌದು ಎನ್ನುವಂತೆ ತಲೆ ಆಡಿಸಿದಳು.

ಗಂಡ ಸತ್ತಾಗ ಅವಳಿಗೆ ಓದು ಬರುತ್ತಿರಲಿಲ್ಲ. ಆಮೇಲೆ ಮಗಳೇ ಹಳೆಯ ನೋಟುಪುಸ್ತಕದ ಹಿಂದಿನ ಹಾಳೆಗಳಲ್ಲಿ ಅಕ್ಷರ ತಿದ್ದಿಸಿದ್ದಳು. ಈಗ ಕೂಡಿಸಿ ಕೂಡಿಸಿ ಓದುತ್ತಾಳೆ. ಕಟ್ಟಡದಲ್ಲಿ ಊಟದ ಹೊತ್ತಿಗೆ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಧೂಳು ತಾಗದ ಹಾಗೆ ಹಿಡಿದು ಪಾಠ ನೋಡುತ್ತಿದ್ದಳು. ಫೋನಿನ ಒಳಗೆ ಒಬ್ಬ ಹೆಂಗಸಿನ ನಯವಾದ ದನಿ. ಉತ್ತರ ಸರಿಯಾದಾಗ ಅಭಿನಂದನೆಗಳು ಎನ್ನುತ್ತಿತ್ತು. ಅಷ್ಟು ಮರ್ಯಾದೆಯಾಗಿ ಅವಳ ಜೊತೆ ಯಾರೂ ಮಾತಾಡಿದ್ದಿಲ್ಲ. ಮೊದಮೊದಲು ಅದನ್ನು ಕೇಳಲೆಂದೇ ಒಂದು ಪಾಠವನ್ನು ಎರಡು ಸಲ ಮಾಡುತ್ತಿದ್ದಳು.

ವರ್ಕ್‌ಶಾಪು ಒಂದು ತಗಡಿನ ಶೆಡ್ಡು. ಕಲಿಯುವವರು ಹನ್ನೆರಡು ಜನ. ಹೆಂಗಸು ಅವಳೊಬ್ಬಳೇ. ಮೊದಲ ಭಾನುವಾರ ಬಾಗಿಲಲ್ಲಿ ನಿಂತಾಗ ಸ್ಟೋರಿನವನು ಏನೂ ಕೇಳದೆ ಕೈಗೆ ಪೊರಕೆ ಕೊಟ್ಟ. ಅವಳು ಗುಡಿಸಿದಳು. ಇಡೀ ಶೆಡ್ಡು ಗುಡಿಸಿ, ಕಸ ಬಳಿದು, ಕೈ ತೊಳೆದುಕೊಂಡು ಬೆಂಚಿನ ಮೇಲೆ ಕೂತಳು. ಮುಂದಿನ ಭಾನುವಾರವೂ ಪೊರಕೆ ಬಂತು. ಮೂರನೆಯ ಭಾನುವಾರ ಅದು ಅವಳ ಕೆಲಸವೇ ಆಗಿಹೋಯಿತು. ಗಂಡಸರು ಬೀಡಿ ಸೇದಿ ಬರುವಷ್ಟರಲ್ಲಿ ಅವಳ ಗುಡಿಸಾಟ ಮುಗಿಯಬೇಕು. ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಭಾನುವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ಇರುವುದನ್ನು ರೂಢಿ ಮಾಡಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ತಗಡು ಕಾದು ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು.

ಬೆಂಚಿನಲ್ಲಿ ಅವಳ ಪಕ್ಕ ಕೂರುತ್ತಿದ್ದವನು ಮೋಟಾರು ಸುತ್ತುವವನು. ನಲವತ್ತು ದಾಟಿದ ಮನುಷ್ಯ. ತಾಮ್ರದ ತಂತಿ ಸುತ್ತಿ ಸುತ್ತಿ ಬೆನ್ನೂ ಸುತ್ತಿಕೊಂಡಿತ್ತು. ಸುರುಳಿ ಎಂದು ಎಲ್ಲರೂ ಕರೆಯುತ್ತಿದ್ದರು, ಅವಳು ಸುರುಳಿಯಣ್ಣ ಎನ್ನುತ್ತಿದ್ದಳು. ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿದ್ದ. ಈ ಸಲವೂ ಆಗದಿದ್ದರೆ ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂದು ಕಂಪನಿ ಹೇಳಿತ್ತು. ಯಾರ ಮುಖವನ್ನೂ ನೋಡಿ ಮಾತಾಡುವವನಲ್ಲ. ಬಿಳಿ ಹೆಲ್ಮೆಟ್ಟು ಒಳಗೆ ಬಂದರೆ ಎಲ್ಲರಿಗಿಂತ ಮೊದಲು ಎದ್ದು ನಿಲ್ಲುತ್ತಿದ್ದ.

ಕಲಿಸುವ ಮೇಷ್ಟ್ರು ಕಂಬ ಹತ್ತುತ್ತಿದ್ದ ಹಳೆಯ ಲೈನ್‌ಮನ್. ಎಡಗೈಯಲ್ಲಿ ಎರಡು ಬೆರಳು ಇಲ್ಲ. ಅವರು ಎಲ್ಲಕ್ಕಿಂತ ಹೆಚ್ಚಾಗಿ ಹೇಳುತ್ತಿದ್ದುದು ಬೀಗದ ಮಾತು. ಮೇನ್ ಸ್ವಿಚ್ಚು ಆರಿಸಬೇಕು. ಅದಕ್ಕೆ ನಿನ್ನ ಬೀಗ ಹಾಕಬೇಕು. ನಿನ್ನ ಹೆಸರಿನ ಚೀಟಿ ತೂಗುಹಾಕಬೇಕು. ಬೀಗದ ಕೈ ನಿನ್ನ ಜೇಬಿನಲ್ಲಿ. ಆಮೇಲೆ ವೈರು ಮುಟ್ಟು. ಕೆಲಸ ಮುಗಿದು ಹಾಕಿದವನೇ ಬಂದು ತೆಗೆಯುವ ತನಕ ಆ ಬೀಗವನ್ನು ದೇವರೂ ಮುಟ್ಟಬಾರದು. ಬೇರೆಯವರು ಒಡೆದರೆ ಅದು ಕೊಲೆ. ಹೀಗೆ ಹೇಳಿ ಮೇಷ್ಟ್ರು ಹನ್ನೆರಡು ಜನಕ್ಕೂ ಒಂದೊಂದು ಕೆಂಪು ಬೀಗ ಕೊಟ್ಟರು. ಅವಳು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಇದೊಂದು ಬೀಗಕ್ಕಾಗಿ ಅವಳ ಗಂಡ ಆರು ತಿಂಗಳು ಗೋಗರೆದಿದ್ದ. ಕಂಪನಿ ಕೊಟ್ಟಿರಲಿಲ್ಲ.

ಎಂಟು ಪಾಠ ಮುಗಿಯಿತು. ಒಂಬತ್ತನೇ ಪಾಠ ಅಪಘಾತಗಳದ್ದು.

ಅವತ್ತು ಸಂಜೆ ಅವಳು ನೆಲದ ಮೇಲೆ ಕೂತು ಬಿಸಿನೀರಿನ ಬೋಗುಣಿಯಲ್ಲಿ ಎರಡೂ ಕೈ ಅದ್ದಿಕೊಂಡಿದ್ದಳು. ಫೋನನ್ನು ಮಗಳು ಹಿಡಿದು ಓದುತ್ತಿದ್ದಳು. ಅತ್ತೆ ಗೋಡೆಗೆ ಒರಗಿ ಹರಿದ ಅಂಗಿಗೆ ಹೊಲಿಗೆ ಹಾಕುತ್ತಿದ್ದಳು. ಮನೆ ಒಂದೇ ಕೋಣೆ. ಒಬ್ಬರಿಗೆ ಓದಿದ್ದು ಮೂವರಿಗೂ ಕೇಳುತ್ತಿತ್ತು.

ಒಂದು ಕಟ್ಟಡ, ಮಗಳು ಓದಿದಳು. ಮೂರನೇ ಮಹಡಿಯಲ್ಲಿ ಕಾರ್ಮಿಕನೊಬ್ಬ ಬೋರ್ಡಿನ ಕೆಲಸ ಮಾಡುತ್ತಿದ್ದ. ಕೆಲಸ ಬೇಗ ಮುಗಿಸುವ ಅವಸರದಲ್ಲಿ ಮೇನ್ ಸ್ವಿಚ್ಚು ಆರಿಸದೆಯೇ ವೈರು ಮುಟ್ಟಿದ. ಸ್ಥಳದಲ್ಲೇ ಮೃತಪಟ್ಟ. ತನ್ನ ಗಂಡನಿಗೆ ಮೊದಲಿನಿಂದಲೂ ಅವಸರದ ಸ್ವಭಾವವಿತ್ತು ಎಂದು ಮೃತನ ಪತ್ನಿಯೂ ಹೇಳಿಕೆ ನೀಡಿದ್ದಾರೆ.

ಅದರ ಕೆಳಗೆ ಒಂದು ಫೋಟೋ ಇತ್ತು. ಮುಖ ಮಸುಕು ಮಾಡಿದ್ದರು. ಅಂಗಿಯನ್ನು ಮಸುಕು ಮಾಡಿರಲಿಲ್ಲ. ಮಗಳ ದನಿ ನಿಂತಿತು.

"ಅಮ್ಮಾ, ಇದು ಅಪ್ಪ ಅಲ್ವಾ?"

ಅವಳು ನೀರಿನಿಂದ ಕೈ ತೆಗೆಯಲಿಲ್ಲ. ಮುಂದೆ ಓದು ಎಂದಳು. ಮುಂದೆ ಪ್ರಶ್ನೆ ಇತ್ತು. ಈ ಅಪಘಾತಕ್ಕೆ ಕಾರಣವೇನು? ನಾಲ್ಕು ಉತ್ತರ. ಕಾರ್ಮಿಕನ ಅಜಾಗರೂಕತೆ. ಮಳೆಯ ತೇವ. ಹಳೆಯ ಉಪಕರಣ. ವಿದ್ಯುತ್ತಿನ ಏರಿಳಿತ. ನಾಲ್ಕರಲ್ಲಿ ಒಂದನ್ನು ಒತ್ತಬೇಕು.

ಮೊದಲನೆಯದನ್ನು ಒತ್ತು ಎಂದು ಅವಳು ಹೇಳಿದಳು. ಮಗಳು ಒತ್ತಲಿಲ್ಲ. ಮತ್ತೆ ಹೇಳಿದಳು. ಮಗಳು ಫೋನನ್ನು ನೆಲದ ಮೇಲಿಟ್ಟು ಕೈ ಹಿಂದಕ್ಕೆ ಕಟ್ಟಿಕೊಂಡಳು. ಅವಳಿಗೆ ಕಾಗದ ಬೇಕಿತ್ತು. ಕೈ ಸಾಯುತ್ತಿತ್ತು. ಇನ್ನು ಮೂರು ಪಾಠ, ಆಮೇಲೆ ಪರೀಕ್ಷೆ. ಬೋಗುಣಿಯಿಂದ ಒದ್ದೆ ಕೈ ತೆಗೆದು, ಬಟ್ಟೆಗೆ ಒರೆಸಿ, ಬಗ್ಗದ ಬೆರಳಲ್ಲಿ ತಾನೇ ಒತ್ತಿದಳು.

ಅಭಿನಂದನೆಗಳು ಎಂದಿತು ಫೋನು. ಹತ್ತನೇ ಪಾಠಕ್ಕೆ ಸ್ವಾಗತ.

ಅತ್ತೆ ಸೂಜಿ ಇಳಿಸಿದಳು. ಹೇಳಿಕೆ ಅಂದರೇನು, ನೀನೇನು ಹೇಳಿದ್ದೆ ಎಂದು ಕೇಳಿದಳು. ಈ ನಾಲ್ಕು ವರ್ಷವೂ ಅತ್ತೆ ಸತ್ತ ಮಗನನ್ನು ಬೈಯುತ್ತಲೇ ಇದ್ದಳು. ಹುಟ್ಟುವಾಗಲೂ ಅವಸರ, ಸೂಲಗಿತ್ತಿ ಬರುವ ತನಕ ಕಾಯಲಿಲ್ಲ. ಸಾಯುವಾಗಲೂ ಅವಸರ, ತಾಯಿ ಹೋಗುವ ತನಕ ಕಾಯಲಿಲ್ಲ ಎನ್ನುತ್ತಿದ್ದಳು. ಅನ್ನ ತಣ್ಣಗಾದರೂ ಬೈಗುಳ ಅವನಿಗೇ, ಮೊಮ್ಮಗಳ ಚಪ್ಪಲಿ ಹರಿದರೂ ಅವನಿಗೇ. ಸೊಸೆ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದಳು.

ಅವತ್ತು ಅವಳು ಹೇಳಿದಳು. ಬೋಗುಣಿಯ ನೀರನ್ನು ನೋಡುತ್ತಾ ಎಲ್ಲವನ್ನೂ ಹೇಳಿದಳು.

ಆ ದಿನ ಅವಳು ನೆಲಮಹಡಿಯಲ್ಲಿ ಮೇನ್ ಸ್ವಿಚ್ಚಿನಿಂದ ಹತ್ತು ಹೆಜ್ಜೆ ದೂರದಲ್ಲಿ ಗೋಡೆ ಕೊರೆಯುತ್ತಿದ್ದಳು. ಗಂಡ ಬಂದು ಮೇನ್ ಆರಿಸಿದ. ಬೀಗ ಇರಲಿಲ್ಲ. ಒಂದು ರಟ್ಟಿನ ಚೂರಿನಲ್ಲಿ, ಮೇಲೆ ಕೆಲಸ ನಡೆದಿದೆ, ಮುಟ್ಟಬೇಡಿ ಎಂದು ಬರೆದು ದಾರದಲ್ಲಿ ಕಟ್ಟಿ, ಅವಳಿಗೆ ಕೈಸನ್ನೆ ಮಾಡಿ ಮೆಟ್ಟಿಲು ಹತ್ತಿದ. ಅರ್ಧ ಗಂಟೆಯಾದ ಮೇಲೆ ಬಿಳಿ ಹೆಲ್ಮೆಟ್ಟು ಓಡೋಡಿ ಬಂದ. ಕಟ್ಟಡದ ಯಜಮಾನರು ಬರುವವರಿದ್ದರು, ಲಿಫ್ಟು ನಡೆಯಬೇಕಿತ್ತು. ಅವನು ರಟ್ಟನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಸಾರ್, ಮೇಲೆ ಅವರು ಇದ್ದಾರೆ ಎಂದು ಅವಳು ಹೇಳಿದಳು. ಅವನ ಕೆಲಸ ಆಗಿದೆಯಂತೆ, ನೀನು ಹೊಡಿ ಎಂದ. ಮೇನ್ ಮೇಲೆತ್ತಿದ.

"ನಾನು ಹೊಡೆದೆ ಅತ್ತೆ," ಎಂದಳು. "ಓಡಲಿಲ್ಲ. ಕೂಗಲಿಲ್ಲ. ಅವನು ಹೊಡಿ ಅಂದ, ನಾನು ಹೊಡೆದೆ. ಸುತ್ತಿಗೆ ಸದ್ದಲ್ಲಿ ಮೇಲಿನ ಸದ್ದು ನಂಗೆ ಕೇಳಿಸಲೇ ಇಲ್ಲ."

ಆಸ್ಪತ್ರೆಯ ಮೊಗಸಾಲೆಯಲ್ಲಿ ಬಿಳಿ ಹೆಲ್ಮೆಟ್ಟು ಒಂದು ಹಾಳೆ ಹಿಡಿದುಕೊಂಡು ನಿಂತಿದ್ದ. ಹೆಬ್ಬೆಟ್ಟು ಒತ್ತಿದರೆ ಈಗಲೇ ಹೆಣ ಕೊಡ್ತಾರೆ, ಇಲ್ಲದಿದ್ದರೆ ಎಷ್ಟು ದಿನ ಆಗುತ್ತೋ ಹೇಳೋಕಾಗಲ್ಲ ಎಂದ. ನಿನ್ನ ಕೆಲಸಕ್ಕೂ ತೊಂದರೆ ಇಲ್ಲ ಎಂದ. ಹಾಳೆಯಲ್ಲಿ ಏನಿದೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ಓದಲು ಬರುತ್ತಿರಲಿಲ್ಲ. ಒತ್ತಿದಳು.

ಅತ್ತೆಯ ಮಡಿಲಲ್ಲಿದ್ದ ಅಂಗಿಯಲ್ಲಿ ಸೂಜಿ ಹಾಗೇ ಚುಚ್ಚಿಕೊಂಡಿತ್ತು.

"ನಾಲ್ಕು ವರ್ಷ ನನ್ನ ಬಾಯಲ್ಲಿ ನನ್ನ ಮಗನ್ನ ಬೈಸಿದೆಯಲ್ಲೇ," ಎಂದಳು. ಆಮೇಲೆ ಅತ್ತಳು. ಅಳು ನಿನ್ನೆ ಸತ್ತವನಿಗೆ ಅತ್ತ ಹಾಗೆ ಇತ್ತು.

ಆ ದಿನದಿಂದ ಅತ್ತೆ ಸೊಸೆಯ ಜೊತೆ ಮಾತು ಬಿಟ್ಟಳು. ಏನಾದರೂ ಬೇಕಾದರೆ ಮೊಮ್ಮಗಳಿಗೆ ಹೇಳುತ್ತಿದ್ದಳು. ನಿಮ್ಮಮ್ಮನಿಗೆ ಹೇಳು, ನೀರು ಬಂದಿದೆ. ನಿಮ್ಮಮ್ಮನಿಗೆ ಹೇಳು, ಬಾಗಿಲು ಹಾಕಲಿ. ಒಂದೇ ಕೋಣೆ. ಮಾತು ಮಗಳ ಕಿವಿಯಿಂದ ಹಾದು ಅವಳ ಕಿವಿಗೆ ಬರುತ್ತಿತ್ತು.

ಮುಂದಿನ ಭಾನುವಾರ ಅವಳು ಶೆಡ್ಡು ಗುಡಿಸಿ ಮೇಷ್ಟ್ರ ಹತ್ತಿರ ಹೋದಳು. ಒಂಬತ್ತನೇ ಪಾಠ ಸುಳ್ಳು, ಅದನ್ನು ತೆಗೆಸಬೇಕು ಎಂದಳು. ಕಾರಣವನ್ನೂ ಹೇಳಿದಳು. ಮೇಷ್ಟ್ರು ಬಾಗಿಲ ಕಡೆ ನೋಡಿದರು. ಅವರಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ತಗ್ಗಿದ ದನಿಯಲ್ಲಿ, ನಂಗೂ ಅನುಮಾನ ಇತ್ತಮ್ಮ ಎಂದರು.

"ಮೊದಲು ಕಾಗದ ಕೈಗೆ ಬರಲಿ," ಎಂದರು. "ಆಮೇಲೆ ಬಾಯಿ ತೆಗಿ. ಈಗ ತೆಗೆದರೆ ಕಾಗದವೂ ಇಲ್ಲ, ಕೂಲಿಯೂ ಇಲ್ಲ. ಮಗಳ ಮುಖ ನೋಡು."

ಕಾಗದ ಬಂದ ಮೇಲೆ ನನ್ನ ಮಾತು ಯಾರಾದರೂ ಕೇಳುತ್ತಾರಾ ಎಂದು ಅವಳು ಕೇಳಿದಳು. ಮೇಷ್ಟ್ರು ಬೆರಳಿಲ್ಲದ ಕೈಯನ್ನು ಜೇಬಿಗೆ ಇಳಿಸಿಕೊಂಡರು.

ಅವಳು ಬಾಯಿ ಮುಚ್ಚಿಕೊಂಡಳು. ಹತ್ತು, ಹನ್ನೊಂದು, ಹನ್ನೆರಡನೇ ಪಾಠ ಮುಗಿಸಿದಳು. ಅಭಿನಂದನೆಗಳು ಎಂಬ ದನಿ ಬರುವ ಮುಂಚೆಯೇ ಈಗ ಫೋನಿನ ಸದ್ದು ಆರಿಸುತ್ತಿದ್ದಳು. ಪ್ರತಿ ವಾರ ಬಿಳಿ ಹೆಲ್ಮೆಟ್ಟಿನ ಮುಂದೆ ಪುಸ್ತಕ ಹಿಡಿದು ನಿಂತಳು, ಸಹಿ ಹಾಕಿಸಿಕೊಂಡಳು. ಬೆಳಗಿನ ಹೊತ್ತು ಸುತ್ತಿಗೆ ಕೈಯಿಂದ ಜಾರಿ ಕಾಲಿನ ಮೇಲೆ ಬೀಳುತ್ತಿತ್ತು. ಅವಳು ದಿನ ಎಣಿಸುತ್ತಿದ್ದಳು.

ಪರೀಕ್ಷೆಯ ದಿನ ಅವಳು ಹೊರಡುವಾಗ ಅತ್ತೆ ಬಾಗಿಲಲ್ಲಿ ಕೂತಿದ್ದಳು. ಆರು ವಾರದ ಮೇಲೆ ಮೊದಲ ಸಲ ನೇರವಾಗಿ ಅವಳನ್ನೇ ಕೇಳಿದಳು.

"ಇವತ್ತು ಅವನಿರ್ತಾನಾ?"

ಇರ್ತಾನೆ ಎಂದಳು ಸೊಸೆ. ಅತ್ತೆ ದಾರಿ ಬಿಟ್ಟು ಕಾಲು ಮಡಚಿದಳು. ಅಷ್ಟೇ.

ಶೆಡ್ಡಿನಲ್ಲಿ ಮೇಜು, ಮೇಜಿನ ಹಿಂದೆ ಎರಡು ಕುರ್ಚಿ. ಒಂದರಲ್ಲಿ ಹೊರಗಿನಿಂದ ಬಂದ ಪರೀಕ್ಷಕ. ಇಸ್ತ್ರಿ ಮಾಡಿದ ಅಂಗಿಯ ಎಳೆ ಇಂಜಿನಿಯರ್. ಇನ್ನೊಂದರಲ್ಲಿ ಕಂಪನಿಯ ಪರವಾಗಿ ಬಿಳಿ ಹೆಲ್ಮೆಟ್ಟು. ಗೋಡೆಯ ಮೇಲೆ ಪರೀಕ್ಷೆಯ ಬೋರ್ಡು, ಅದಕ್ಕೊಂದು ಮೋಟಾರು. ಆ ಬೋರ್ಡಿಗೂ ಇಡೀ ಶೆಡ್ಡಿಗೂ ಕರೆಂಟು ಬರುವುದು ಒಂದೇ ಮೇನ್ ಸ್ವಿಚ್ಚಿನಿಂದ. ಒಬ್ಬೊಬ್ಬರೇ ಹೋಗಿ ದೋಷ ಹುಡುಕಿ ಸರಿಮಾಡಬೇಕು. ಏಳು ಜನ ಮುಗಿಸಿದ್ದರು. ಎಂಟನೆಯವಳು ಅವಳು. ಅವಳ ಹಿಂದೆ ಸುರುಳಿ, ಅವನ ಹಿಂದೆ ಇನ್ನು ಮೂವರು.

ಅವಳು ಮೇನ್ ಆರಿಸಿದಳು. ಶೆಡ್ಡಿನ ಫ್ಯಾನುಗಳು ನಿಂತವು. ಕೆಂಪು ಬೀಗ ಹಾಕಿ, ಚೀಟಿ ತೂಗಿ, ಬೀಗದ ಕೈಯನ್ನು ಜೇಬಿಗಿಟ್ಟಳು. ಟೆಸ್ಟರ್ ಹಿಡಿದು ಕರೆಂಟು ಇಲ್ಲವೆಂದು ನೋಡಿಕೊಂಡಳು. ಬೋರ್ಡು ಬಿಚ್ಚಿದಳು. ಬಲಗೈ ಬಗ್ಗಲಿಲ್ಲ, ಸ್ಕ್ರೂಡ್ರೈವರನ್ನು ಎಡಗೈಗೆ ಬದಲಾಯಿಸಿದಳು. ಒಂದು ನ್ಯೂಟ್ರಲ್ ವೈರು ಸಡಿಲವಾಗಿತ್ತು. ಬಿಗಿದಳು. ಬೋರ್ಡು ಮುಚ್ಚಿದಳು. ಏಳು ಜನರಲ್ಲಿ ಯಾರೂ ಇಷ್ಟು ಬೇಗ ಮಾಡಿರಲಿಲ್ಲ. ಪರೀಕ್ಷಕ ಮುಗುಳ್ನಕ್ಕು ಹಾಳೆಯಲ್ಲಿ ಗುರುತು ಹಾಕಿದ. ಆಮೇಲೆ ಬಾಯಿ ಪರೀಕ್ಷೆ. ಬೀಗ ಯಾಕೆ ಹಾಕಿದಿರಿ, ಚೀಟಿಯೊಂದೇ ಸಾಲದೇ ಎಂದು ಕೇಳಿದ.

"ಚೀಟಿ ಕಿತ್ತು ಜೇಬಿಗೆ ಹಾಕ್ಕೋಬಹುದು ಸಾರ್."

ಪರೀಕ್ಷಕ ನಕ್ಕ. ಒಳ್ಳೆಯ ಉತ್ತರ ಎಂದ. ಬಿಳಿ ಹೆಲ್ಮೆಟ್ಟು ನಗಲಿಲ್ಲ. ಇನ್ನೊಂದೇ ಪ್ರಶ್ನೆ ಎಂದ ಪರೀಕ್ಷಕ. ಒಂಬತ್ತನೇ ಪಾಠದಲ್ಲಿ ಬರುವ ಅಪಘಾತಕ್ಕೆ ಕಾರಣ ಹೇಳಿ.

ಅವಳು ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ನೆಲ ನೋಡುತ್ತಿದ್ದರು. ಎರಡು ಪದ ಸಾಕಿತ್ತು. ಕಾರ್ಮಿಕನ ಅಜಾಗರೂಕತೆ. ಎರಡು ಪದ ಹೇಳಿದರೆ ಕಾಗದ. ಸುತ್ತಿಗೆ ಇಲ್ಲ. ಮಗಳು ಕಾಲೇಜಿಗೆ ಹೋಗುತ್ತಾಳೆ. ಅವಳು ಬಾಯಿ ತೆರೆದಳು.

"ಇವರು," ಎಂದಳು.

ಪರೀಕ್ಷಕನಿಗೆ ಅರ್ಥವಾಗಲಿಲ್ಲ. ಅವಳು ಕೈ ಎತ್ತಿ ತೋರಿಸಿದಳು. ಬೆರಳು ಬಗ್ಗುತ್ತಿರಲಿಲ್ಲ, ನೇರವಾಗಿತ್ತು. ಮೇನ್ ಆರಿಸಿತ್ತು, ಚೀಟಿ ಇತ್ತು, ಇವರು ಚೀಟಿ ಕಿತ್ತು ಮೇನ್ ಹಾಕಿದರು, ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ, ಸತ್ತವನು ನನ್ನ ಗಂಡ ಎಂದು ಹೇಳಿದಳು. ದನಿ ಏರಲಿಲ್ಲ. ನಿಂತಿದ್ದ ಫ್ಯಾನುಗಳ ಕೆಳಗೆ ಎಲ್ಲರಿಗೂ ಕೇಳಿಸಿತು.

ಬಿಳಿ ಹೆಲ್ಮೆಟ್ಟು ಮೇಜಿನ ಮೇಲೆ ಕೈ ಊರಿ ಎದ್ದ. "ಅವನೇ ಅವಸರ ಮಾಡಿದ ಅಂತ ಹೆಬ್ಬೆಟ್ಟು ಒತ್ತಿದವಳು ನೀನೇ ಅಲ್ವೇನೇ?"

"ಹೌದು. ಒತ್ತಿದೆ. ನಂಗೆ ಹೆಣ ಬೇಕಿತ್ತು."

ಪರೀಕ್ಷಕ ಪೆನ್ನಿನ ಮುಚ್ಚಳ ಹಾಕಿದ, ತೆಗೆದ. ಇದು ಪರೀಕ್ಷೆ, ಬೇರೆ ವಿಷಯ ಇಲ್ಲಿ ಬೇಡ ಎಂದ. ಇದು ಪೊಲೀಸರ ಕೆಲಸ, ತನ್ನದಲ್ಲ ಎಂದ. ಪ್ರಶ್ನೆ ನಿಮ್ಮದಲ್ವಾ ಸಾರ್ ಎಂದು ಅವಳು ಕೇಳಿದಳು. ಅವನು, ಬೀಗ ತೆಗೆಯಿರಿ, ಮುಂದಿನವರು ಬರಲಿ ಎಂದ.

ಅವಳು ಜೇಬಿನಿಂದ ಬೀಗದ ಕೈ ತೆಗೆದು ಎಡಮುಷ್ಟಿಯಲ್ಲಿ ಹಿಡಿದುಕೊಂಡಳು.

"ನಾನು ಹೇಳಿದ್ದನ್ನ ನಿಮ್ಮ ಹಾಳೇಲಿ ಬರೀರಿ. ಬರೆದಿದ್ದನ್ನ ಓದಿ ನೋಡ್ತೀನಿ. ಈಗ ನಂಗೆ ಓದೋಕೆ ಬರುತ್ತೆ. ಆಮೇಲೆ ತೆಗೀತೀನಿ."

ಮೊದಲು ಗದರಿಸಿದರು. ಆಮೇಲೆ ಬುದ್ಧಿ ಹೇಳಿದರು. ಪರೀಕ್ಷಕ ಗಡಿಯಾರ ನೋಡಿದ. ಬಿಳಿ ಹೆಲ್ಮೆಟ್ಟು ಅವಳ ಗಂಟೆಗಳ ಪುಸ್ತಕವನ್ನು ಎಳೆದುಕೊಂಡು, ತಾನೇ ಹಾಕಿದ ಒಂದೊಂದು ಸಹಿಯ ಮೇಲೂ ಅಡ್ಡಗೆರೆ ಎಳೆಯತೊಡಗಿದ. ಹಾಳೆ ತಿರುವುವುದು, ಎಳೆಯುವುದು. ಎಂಟು ತಿಂಗಳ ಹಾಳೆಗಳು. ಅವಳು ಅದನ್ನು ನೋಡುತ್ತಾ ನಿಂತಳು. ಬೆಳಿಗ್ಗೆಯಿಂದ ನೀರು ಕುಡಿದಿರಲಿಲ್ಲ. ಸಾಲಿನಲ್ಲಿದ್ದವನೊಬ್ಬ, ಬಿಡಕ್ಕ, ನಿನ್ನಿಂದ ನಮ್ಮ ಪರೀಕ್ಷೇನೂ ಹಾಳಾಗುತ್ತೆ ಎಂದ. ಅವನು ಹೇಳಿದ್ದು ನಿಜವೇ ಆಗಿತ್ತು. ಅವನಿಗೂ ಮಕ್ಕಳಿದ್ದರು. ಅವಳು ಮುಷ್ಟಿ ಬಿಡಲಿಲ್ಲ.

ಬಿಳಿ ಹೆಲ್ಮೆಟ್ಟು ಮೇಷ್ಟ್ರಿಗೆ ದೊಡ್ಡ ಕತ್ತರಿ ತರಲು ಹೇಳಿದ. ಕಬ್ಬಿಣ ಕತ್ತರಿಸುವಂಥದ್ದು. ಮೇಷ್ಟ್ರು ಕದಲಲಿಲ್ಲ. ಇನ್ನೊಮ್ಮೆ ಹೇಳಿದ. ಮೇಷ್ಟ್ರು ಹೋದರು. ತಂದರು. ಸಾರ್, ಇದು ತಪ್ಪು ಎಂದರು. ಆದರೆ ಕೊಟ್ಟರು.

ಬೀಗದ ಬಳೆ ಒಂದೇ ಹಿಡಿತಕ್ಕೆ ತುಂಡಾಯಿತು. ಬೀಗ ನೆಲಕ್ಕೆ ಬಿತ್ತು. ಅವನು ಚೀಟಿ ಕಿತ್ತ. ಜೇಬಿಗೆ ಹಾಕಲಿಲ್ಲ, ನೆಲಕ್ಕೆ ಎಸೆದ. ಮೇನ್ ಮೇಲೆತ್ತಿದ. ಫ್ಯಾನುಗಳು ತಿರುಗಿದವು. ಪರೀಕ್ಷಕ ಅವಳ ಹಾಳೆಯಲ್ಲಿ ಅನುತ್ತೀರ್ಣ ಎಂದು ಬರೆದು, ಕೆಳಗೆ ಇನ್ನೇನೋ ಒಂದು ಸಾಲು ಸೇರಿಸಿದ. ಅವಳು ತಲೆಕೆಳಗಾಗಿ ಕೂಡಿಸಿ ಓದಿದಳು. ಶಿಸ್ತಿನ ಕೊರತೆ.

ಮುಂದಿನವರು ಎಂದ ಪರೀಕ್ಷಕ.

ಮುಂದಿನವನು ಸುರುಳಿ. ಅವನು ಬೋರ್ಡಿನ ತನಕ ಹೋದ. ಬಗ್ಗಿದ ಬೆನ್ನಿನಲ್ಲೇ ನಿಂತು ಕೆಳಗೆ ಬಿದ್ದ ಬೀಗವನ್ನು ನೋಡಿದ. ಯಾರ ಮುಖವನ್ನೂ ನೋಡದೆ, ತನ್ನಷ್ಟಕ್ಕೆ ಹೇಳಿಕೊಂಡ ಹಾಗೆ ಹೇಳಿದ.

"ಬೀಗ ಒಡೆದ ಬೋರ್ಡು. ನಾ ಮುಟ್ಟಲ್ಲ."

ಏನಂದೆ ಎಂದು ಬಿಳಿ ಹೆಲ್ಮೆಟ್ಟು ಕೇಳಿದ. ಸುರುಳಿ ತನ್ನ ಕೆಂಪು ಬೀಗವನ್ನು ಜೇಬಿನಿಂದ ತೆಗೆದು ಮೇಜಿನ ಅಂಚಿನಲ್ಲಿಟ್ಟು ಬಾಗಿಲ ಕಡೆ ನಡೆದ. ಇದು ನಿನ್ನ ಮೂರನೇ ಸಲ, ಇನ್ನು ಇಲ್ಲ ಎಂದು ಬಿಳಿ ಹೆಲ್ಮೆಟ್ಟು ಹಿಂದಿನಿಂದ ಕೂಗಿದ. ಉಳಿದ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಮುಂದೆ ಬಂದು ಸ್ಕ್ರೂಡ್ರೈವರ್ ಎತ್ತಿಕೊಂಡ. ಆಮೇಲೆ ಇನ್ನಿಬ್ಬರೂ ಬಂದರು.

ಅವಳು ಹೊರಗೆ ಬಂದಾಗ ಸುರುಳಿ ಗೇಟಿನ ಪಕ್ಕ ನಲ್ಲಿಯ ಕೆಳಗೆ ಕೂತಿದ್ದ. ಬೊಗಸೆಯಲ್ಲಿ ನೀರು ಹಿಡಿಯುತ್ತಿದ್ದ, ಕುಡಿಯುತ್ತಿರಲಿಲ್ಲ. ಅವಳು ಪಕ್ಕದಲ್ಲಿ ಕುಕ್ಕರಿಸಿದಳು. ನಲ್ಲಿಗೆ ಬಾಯಿ ಹಚ್ಚಿ ಉಸಿರು ಕಟ್ಟುವಷ್ಟು ನೀರು ಕುಡಿದಳು. ಯಾಕಣ್ಣ ಹೀಗೆ ಮಾಡಿದೆ, ನಿನಗಾದರೂ ಆಗ್ತಿತ್ತು ಎಂದಳು. ಸುರುಳಿ ಗೊತ್ತಿಲ್ಲ ಎಂದ. ಕಾಲು ಮುಂದೆ ಹೋಗಲಿಲ್ಲ ಎಂದ. ಮನೆಯಲ್ಲಿ ಹೆಂಡತಿ ಇವತ್ತು ಕೆಲಸಕ್ಕೂ ಹೋಗದೆ ಕಾಯುತ್ತಿದ್ದಾಳೆ ಎಂದ. ಈ ಸಲ ಖಂಡಿತ ಆಗುತ್ತೆ ಅಂತ ತಾನೇ ಹೇಳಿ ಬಂದಿದ್ದೇನೆ ಎಂದ.

"ಮನೇಲಿ ಏನಂತ ಹೇಳ್ಲಿ ಅಕ್ಕಾ?"

ಅವಳಿಗಿಂತ ಅವನು ವಯಸ್ಸಿನಲ್ಲಿ ದೊಡ್ಡವನು. ಇಲ್ಲಿಯ ತನಕ ಒಮ್ಮೆಯೂ ಅಕ್ಕಾ ಎಂದಿರಲಿಲ್ಲ. ನಾಳೆ ಬೆಳಿಗ್ಗೆ ಕಟ್ಟಡದ ಗೇಟು ಅವಳಿಗೆ ತೆರೆಯುವುದಿಲ್ಲ. ಸುತ್ತಿಗೆ ಹಿಡಿಯಲು ಕೈ ಇಲ್ಲ, ಬೇರೆ ಕೆಲಸ ಹಿಡಿಯಲು ಕಾಗದ ಇಲ್ಲ. ಒಂಬತ್ತನೇ ಪಾಠ ನಾಳೆಯೂ ಯಾರದೋ ಫೋನಿನಲ್ಲಿ ಅಭಿನಂದನೆಗಳು ಎನ್ನುತ್ತದೆ. ಅವಳು ಒದ್ದೆ ಕೈಯಿಂದ ಮುಖ ಒರೆಸಿಕೊಂಡಳು.

"ನಡೆದದ್ದನ್ನ ನಡೆದ ಹಾಗೆ ಹೇಳಣ್ಣ," ಎಂದಳು. "ಇವತ್ತೇ ಹೇಳು."